ತನ್ನ ಕಾಲ ಮೇಲೆ ನಿಲ್ಲುವ ಪ್ಯಾಕೆಟ್ಟು

ಬ್ಲಾಗಿನ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. ಪ್ರಾಜೆಕ್ಟ್ ರಿಲೀಸು, ಅದೂ ಇದೂ... ನೆಪಗಳಿಗೇನೂ ಬರ ಇಲ್ಲ ಬಿಡಿ :-) ಆದರೆ ಮೊನ್ನೆ ಊರಿಗೆ ಹೋದಾಗ ಆದದ್ದೊಂದು ತಲೆಯೊಳಗೆ ಕೊರೀತಾ ಇದೆ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಅಮ್ಮನಿಗೊಂದು ಹಳೇ ಅಭ್ಯಾಸ. ಹಾಲಿನ ಪ್ಯಾಕೆಟ್ಟುಗಳನ್ನ ತೊಳೆದು, ಹಿತ್ತಲಿನ ತಂತಿಗೆ ಕ್ಲಿಪ್ ಹಾಕಿ ಒಣಗಿಸಿ, ಒಂದರೊಳಗೊಂದು ತುರುಕಿ ಕಟ್ಟು ಮಾಡಿ ಇಡ್ತಾಳೆ. ಗುಜರಿಯವನು ಬಂದಾಗ ತೂಕ ಹಾಕಿ ಕೊಡ್ತಾಳೆ. ಬರೋ ದುಡ್ಡು ಎರಡು ಕಟ್ಟು ಕೊತ್ತಂಬರಿ ಸೊಪ್ಪಿಗೂ ಸಾಲದು, ಆದರೂ ಆ ಶಿಸ್ತು ಬಿಟ್ಟಿಲ್ಲ. ಈ ಸಲ ನಾನಿದ್ದಾಗಲೇ ಗುಜರಿಯವನು ಬಂದ. ಅಮ್ಮ ಹಾಲಿನ ಪ್ಯಾಕೆಟ್ಟಿನ ಜೊತೆಗೆ ಪಾತ್ರೆ ತೊಳೆಯೋ ಲಿಕ್ವಿಡ್ಡಿನ ರೀಫಿಲ್ ಪೌಚುಗಳನ್ನೂ ತೊಳೆದು, ಒಣಗಿಸಿ ಇಟ್ಟಿದ್ದಳು. ಹತ್ತು ಹನ್ನೆರಡು ಇದ್ದವು. ಅವನು ಹಾಲಿನ ಪ್ಯಾಕೆಟ್ಟನ್ನೆಲ್ಲ ಚೀಲಕ್ಕೆ ಹಾಕ್ಕೊಂಡು, ಪೌಚುಗಳನ್ನ ಒಂದೊಂದಾಗಿ ಜಗಲಿ ಮೇಲೆ ವಾಪಸ್ ಇಟ್ಟ. "ಇದು ನಡೆಯಲ್ಲಮ್ಮಾ, ಯಾರೂ ತಗಳಲ್ಲ."

ಅಮ್ಮ ನನ್ನ ಮುಖ ನೋಡಿದಳು. ಯಾಕೆಂದರೆ ಆ ಪೌಚುಗಳನ್ನ ಮನೆಗೆ ತಂದವನು ನಾನು. ಎರಡು ವರ್ಷದ ಹಿಂದೆ "ಬಾಟಲಿ ಯಾಕಮ್ಮ, ರೀಫಿಲ್ ತಗೋ. ಪ್ಲಾಸ್ಟಿಕ್ಕೂ ಕಡಿಮೆ, ದುಡ್ಡೂ ಉಳಿಯುತ್ತೆ" ಅಂತ ದೊಡ್ಡ ಮನುಷ್ಯನ ಥರ ಭಾಷಣ ಬಿಗಿದಿದ್ದೆ. "ನೀನು ಇಂಜಿನಿಯರ್ ಅಲ್ವೇನೋ, ಇದ್ಯಾಕೆ ಅವ್ನು ತಗಳಲ್ಲ ಮಾರಾಯ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಬೆಳಿಗ್ಗೆ ಬಚ್ಚಲಮನೆಯ ಹಂಡೆ ಒಲೆಯಿಂದ ಒಂಥರಾ ಕಮಟು ವಾಸನೆ. ಹೋಗಿ ನೋಡಿದರೆ ತೆಂಗಿನ ಮಟ್ಟೆ ಜೊತೆ ಆ ಪೌಚುಗಳೂ ಉರೀತಾ ಇದ್ದವು. ನಾನು ಆ ಒಲೆಯಲ್ಲೇ ಕಾದ ನೀರು ಮೈಮೇಲೆ ಹೊಯ್ಕೊಂಡೆ.

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಜಾವಾ. ಓದಿದ್ದು ಅರ್ಧ ಮರೆತಿದೆ. ಆದರೂ ಅಮ್ಮನ ಪ್ರಶ್ನೆಗೆ ಉತ್ತರ ಕೊಡದೇ ಇದ್ದರೆ ಸರ್ಟಿಫಿಕೇಟಿಗೆ ಅವಮಾನ ಅನ್ನಿಸಿ ಸ್ವಲ್ಪ ಓದಿದೆ, ಸ್ವಲ್ಪ ಲೆಕ್ಕ ಹಾಕಿದೆ.

ಮೊದಲು ಆ ಪೌಚನ್ನ ಹೊಗಳಲೇಬೇಕು. ಒಂದು ತೆಳು ಹಾಳೆಯನ್ನ ಮಡಚಿ, ದ್ರವ ತುಂಬಿ, ನೆಟ್ಟಗೆ ನಿಲ್ಲಿಸೋದು ಅಂದರೆ ಹುಡುಗಾಟ ಅಲ್ಲ. ಇದನ್ನ ಸಾಧಿಸಿದವರು ಫ್ರಾನ್ಸಿನ ಲೂಯಿ ದೊಯೆನ್, 1960ರ ದಶಕದ ಶುರುವಿನಲ್ಲಿ. ಅವರ ಹೆಸರಿಂದಲೇ ಇದಕ್ಕೆ 'ಡಾಯ್‌ಪ್ಯಾಕ್' ಅಂತ ಹೆಸರು ಬಂತು. ಅವರಿದ್ದ ಕಂಪನಿಯ ಹೆಸರು ತಿಮೊನಿಯೆ. 1830ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ ಬಾರ್ತೆಲೆಮಿ ತಿಮೊನಿಯೆಯ ಹೆಸರು ಅದು. ಬಟ್ಟೆ ಹೊಲಿಯೋ ಯಂತ್ರದ ಹೆಸರಿನ ಕಂಪನಿ ಕೊನೆಗೆ ಪ್ಲಾಸ್ಟಿಕ್ ಬೆಸೆಯೋ ಯಂತ್ರಗಳಿಗೆ ಬಂದು ನಿಂತಿತು. 1969ರಲ್ಲಿ ಜರ್ಮನಿಯ ಕ್ಯಾಪ್ರಿ-ಸೊನ್ನೆ ಹಣ್ಣಿನ ಪಾನೀಯ ಇಂಥ ಪೌಚಿನಲ್ಲಿ ಬಂತು. ನಮ್ಮಲ್ಲಿ 2013ರಲ್ಲಿ ಪೇಪರ್ ಬೋಟ್‌ನವರು ಆಮ್ ಪನ್ನಾ, ಜಲ್‌ಜೀರಾ ತಂದಾಗ ತಂದದ್ದೂ ಇಂಥದರಲ್ಲೇ.

ನಿಲ್ಲೋ ಗುಟ್ಟು ತಳದಲ್ಲಿದೆ. ಮುಂದೊಂದು ಹಾಳೆ, ಹಿಂದೊಂದು ಹಾಳೆ, ನಡುವೆ ಕೆಳಗಡೆ ಒಳಮುಖವಾಗಿ ಮಡಚಿದ ಇನ್ನೊಂದು ಹಾಳೆ. ಸೀರೆ ನೆರಿಗೆ ಥರ. ದ್ರವ ತುಂಬಿದಾಗ ಅದರ ಭಾರಕ್ಕೇ ನೆರಿಗೆ ಬಿಚ್ಚಿಕೊಂಡು ಮೊಟ್ಟೆಯಾಕಾರದ ತಳ ಆಗುತ್ತೆ. ಬೆಸುಗೆಯನ್ನ ನೇರ ಗೆರೆಯಲ್ಲಿ ಹಾಕದೆ ಬಿಲ್ಲಿನ ಹಾಗೆ ಬಾಗಿಸಿ ಹಾಕ್ತಾರೆ, ಭಾರ ಒಂದೇ ಮೂಲೆಯ ಮೇಲೆ ಬೀಳದೆ ಹಂಚಿಹೋಗಲಿ ಅಂತ. ದ್ರವವೇ ತನ್ನ ಪಾತ್ರೆಯನ್ನ ತಾನೇ ನಿಲ್ಲಿಸಿಕೊಳ್ಳುತ್ತೆ. ಖಾಲಿಯಾದರೆ ಮತ್ತೆ ಚಪ್ಪಟೆ. ಖಾಲಿ ಬಾಟಲಿ ಸಾಗಿಸೋ ಲಾರಿ ಹೊರೋದು ಬಹುಪಾಲು ಗಾಳಿಯನ್ನೇ. ಖಾಲಿ ಪೌಚಾದರೆ ಒಂದೇ ರಟ್ಟಿನ ಡಬ್ಬಿಯಲ್ಲಿ ಸಾವಿರಗಟ್ಟಲೆ ಕೂರುತ್ತೆ.

ಇಷ್ಟೆಲ್ಲ ಚೆನ್ನಾಗಿದ್ದರೆ ತೊಂದರೆ ಎಲ್ಲಿ? ಬೆಸುಗೆಯಲ್ಲಿ.

ಬೆಸೆಯೋಕೆ ಎರಡು ಕಾದ ಲೋಹದ ದವಡೆಗಳ ನಡುವೆ ಹಾಳೆಗಳನ್ನ ಒತ್ತಬೇಕು. ಒಳಗಿನ ಪದರ ಕರಗಿ ಅಂಟಬೇಕು, ಹೊರಗಿನ ಪದರ ಕರಗಬಾರದು. ಕರಗಿದರೆ ದವಡೆಗೇ ಮೆತ್ತಿಕೊಂಡು ಮೇಲಿನ ಚಿತ್ರವೆಲ್ಲ ಹಾಳಾಗುತ್ತೆ. ಅದಕ್ಕೇ ಒಳಗೆ ಪಾಲಿಥೀನ್ ಹಾಕ್ತಾರೆ, ಸುಮಾರು 110 ಡಿಗ್ರಿಗೆ ಕರಗೋದು. ಹೊರಗೆ ಪೆಟ್, ಕರಗೋಕೆ 250 ಡಿಗ್ರಿ ಬೇಕು. ನಡುವೆ 140 ಡಿಗ್ರಿಯ ಅಂತರ ಇರೋದರಿಂದ ಯಂತ್ರ ನಿಶ್ಚಿಂತೆಯಿಂದ ಓಡುತ್ತೆ. ಪೆಟ್ ಇದ್ದರೆ ಪೌಚು ಸ್ವಲ್ಪ ಬಿಗಿಯಾಗಿ ಸೆಟೆದು ನಿಲ್ಲುತ್ತೆ ಕೂಡ. ವಾಸನೆ, ಗಾಳಿ ತಡೀಬೇಕಿದ್ದರೆ ಮಧ್ಯೆ ಅಲ್ಯೂಮಿನಿಯಂ ಹಾಳೆಯೂ ಸೇರುತ್ತೆ. ಎಲ್ಲವನ್ನೂ ಗೋಂದು ಹಾಕಿ ಒಂದು ಮಾಡಿರ್ತಾರೆ.

ಒಂದು ಪೌಚು ತಗೊಂಡು ಕೆಳಗಿನ ಎರಡೂ ಮೂಲೆ ನೋಡಿ. ತಳದ ಹಾಳೆಯಲ್ಲಿ ಅರ್ಧಚಂದ್ರದ ಥರ ಸಣ್ಣ ಕಚ್ಚು ಕಾಣಬಹುದು. ಮಡಚಿದ ತಳದ ಹಾಳೆಯಲ್ಲಿ ಪೆಟ್‌ಗೆ ಪೆಟ್ಟೇ ಎದುರಾಗುತ್ತೆ, ಅವೆರಡೂ ಒಂದಕ್ಕೊಂದು ಅಂಟಲ್ಲ. ಹಾಗಾಗಿ ಅಲ್ಲಿ ತೂತು ಮಾಡಿ, ಆ ತೂತಿನ ಮೂಲಕ ಮುಂದಿನ ಹಾಳೆಯ ಪಾಲಿಥೀನು ಹಿಂದಿನ ಹಾಳೆಯ ಪಾಲಿಥೀನಿಗೆ ಅಂಟೋ ಹಾಗೆ ಮಾಡಿದ್ದಾರೆ. ಎಷ್ಟು ಚಂದದ ಉಪಾಯ! ನೋಡಿ ಖುಷಿಪಟ್ಟೆ. ಖುಷಿಪಟ್ಟ ಮೇಲೆ ಹೊಳೀತು, ಗುಜರಿಯವನ ಕಷ್ಟವೂ ಇದೇ. ಒಂದು 110ಕ್ಕೆ ಕರಗುತ್ತೆ, ಇನ್ನೊಂದು 250ಕ್ಕೆ. ಎರಡನ್ನೂ ಗೋಂದು ಬಿಡಿಸಿ ಬೇರೆ ಮಾಡೋ ಖರ್ಚಿಗೆ ಹೊಸ ಪ್ಲಾಸ್ಟಿಕ್ಕೇ ಅಗ್ಗ. ಪೌಚನ್ನ ಸುಲಭವಾಗಿ ತಯಾರಿಸೋಕೆ ಯಾವ ಗುಣ ಬೇಕಿತ್ತೋ ಅದೇ ಗುಣ ಅದನ್ನ ಮತ್ತೆ ಕರಗಿಸೋಕೆ ಅಡ್ಡಿ.

ಹಾಲಿನ ಪ್ಯಾಕೆಟ್ಟು ಇದಕ್ಕೆ ತದ್ವಿರುದ್ಧ. ಬರೀ ಪಾಲಿಥೀನು, ಸುಮಾರು 50 ಮೈಕ್ರಾನ್ ದಪ್ಪ. ನಿಲ್ಲೋಕೆ ಬರಲ್ಲ, ದಿಂಬಿನ ಥರ ಬಿದ್ದುಕೊಂಡಿರುತ್ತೆ. ಒಂದು ಸಣ್ಣ ಲೆಕ್ಕ ಹಾಕೋಣ. ಅರ್ಧ ಲೀಟರಿನ ದಿಂಬು ಪ್ಯಾಕೆಟ್ಟಿಗೆ 15 ಸೆಂಟಿಮೀಟರ್ ಅಗಲ, 17 ಉದ್ದದ ಎರಡು ಮುಖ ಅಂತಿಟ್ಟುಕೊಳ್ಳಿ. 510 ಚದರ ಸೆಂಟಿಮೀಟರ್, 50 ಮೈಕ್ರಾನ್, ಪಾಲಿಥೀನಿನ ಸಾಂದ್ರತೆ 0.92... ಎರಡೂವರೆ ಗ್ರಾಂ ಒಳಗೇ ಬರುತ್ತೆ. ಅಷ್ಟೇ ದ್ರವಕ್ಕೆ ನಿಲ್ಲೋ ಪೌಚು ಮಾಡಬೇಕಂದರೆ ಮೇಲೆ ಖಾಲಿ ಜಾಗ ಬೇಕು, ತಳದ ಹಾಳೆ ಬೇಕು, ದಪ್ಪ 120 ಮೈಕ್ರಾನ್ ಆದರೂ ಬೇಕು. ಸುಮಾರು 780 ಚದರ ಸೆಂಟಿಮೀಟರ್ ಹಿಡಿದರೆ ಒಂಬತ್ತು ಗ್ರಾಂ. ಹಾಲಿನ ಪ್ಯಾಕೆಟ್ಟು ಒಂದೆರಡು ದಿನದ ಬಾಳಿನದು, ಸೋಪಿನ ಪೌಚು ತಿಂಗಳುಗಟ್ಟಲೆ ಅಂಗಡಿಯಲ್ಲಿರಬೇಕು, ಆದ್ದರಿಂದ ಈ ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಒಪ್ಪಿದೆ. ಆದರೂ ನಿಲ್ಲೋದಕ್ಕೆ ಒಂದು ಬೆಲೆ ಇದೆ ಅನ್ನೋದಂತೂ ಕಾಣುತ್ತೆ.

ಆ ದಿಂಬಿಗೆ ಇನ್ನೊಂದು ಗುಣ ಇದೆ. 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಬೆಲೆ ಎರಡು ರೂಪಾಯಿ ಏರಿಸಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹೆಚ್ಚು ತುಂಬಿದ್ದರಲ್ಲ, 2025ರ ಏಪ್ರಿಲ್‌ನಲ್ಲಿ ಬೆಲೆ ಮತ್ತೆ ನಾಲ್ಕು ರೂಪಾಯಿ ಏರಿಸಿ ಅದನ್ನ ವಾಪಸ್ ತಗೊಂಡರು. ಬೆಲೆ ವಿಷಯಕ್ಕೆ ಬೈಕೊಳ್ಳೋಣ, ಅದು ಬೇರೆ. ಬಾಟಲಿ ಆಗಿದ್ದರೆ ಹೊಸ ಅಳತೆಗೆ ಹೊಸ ಅಚ್ಚು ಬೇಕಾಗ್ತಿತ್ತು. ದಿಂಬು ಪ್ಯಾಕೆಟ್ಟು ಏನೂ ಹೇಳದೆ ಹೊಟ್ಟೆ ಉಬ್ಬಿಸಿಕೊಳ್ತು, ಆಮೇಲೆ ಇಳಿಸಿಕೊಳ್ತು :-)

ಹಾಗಾದರೆ ಹಾಲಿನ ಪ್ಯಾಕೆಟ್ಟು ನಿಲ್ಲದೇ ಇದ್ದರೂ ನಮಗೆ ಯಾಕೆ ತೊಂದರೆ ಆಗ್ತಿಲ್ಲ? ನಿಲ್ಲೋ ಕೆಲಸವನ್ನ ಬೇರೆಯವರು ಮಾಡ್ತಾರೆ. ಲಾರಿಯಲ್ಲಿ ಕ್ರೇಟು, ಮನೆಯಲ್ಲಿ ಪಾತ್ರೆ. ಎರಡೂ ಮತ್ತೆ ಮತ್ತೆ ಬಳಸೋವಂಥವು. ನಮ್ಮಜ್ಜಿ ಬಾವಿಯಿಂದ ನೀರು ತರ್ತಿದ್ದ ಮಡಕೆ ನೆನಪಾಯ್ತು. ದುಂಡು ತಳ, ನೆಲದ ಮೇಲೆ ಇಟ್ಟರೆ ಉರುಳುತ್ತೆ. ಕುಂಬಾರ ಅದಕ್ಕೆ ಕಾಲು ಕೊಡಲಿಲ್ಲ. ಅಜ್ಜಿ ಹಳೇ ಸೀರೆ ಸುತ್ತಿ ಸಿಂಬಿ ಮಾಡಿ ತಲೆ ಮೇಲೆ ಇಟ್ಕೊಳ್ತಿದ್ದಳು, ಮನೆಗೆ ಬಂದ ಮೇಲೆ ಮಡಕೆಗೆ ಒಣಹುಲ್ಲಿನ ಸಿಂಬಿ. ಎಷ್ಟು ಮಡಕೆ ಒಡೆದರೂ ಸಿಂಬಿ ಅದೇ. ನಿಲ್ಲಿಸೋದು ಸಿಂಬಿಯ ಕೆಲಸ, ನೀರು ಹಿಡಿಯೋದು ಮಡಕೆಯ ಕೆಲಸ. ನಾವು ಕೋಡ್ ಬರೆಯೋವಾಗ ಒಂದು ಕ್ಲಾಸಿಗೆ ಒಂದೇ ಜವಾಬ್ದಾರಿ ಇರಲಿ ಅಂತ ಜೂನಿಯರ್‌ಗಳಿಗೆ ಬುದ್ಧಿ ಹೇಳ್ತೀವಲ್ಲ, ಅಜ್ಜಿಗೆ ಅದು ಹೇಳಿಕೊಡದೇ ಗೊತ್ತಿತ್ತು.

ಈಗ ರೀಫಿಲ್ ಪೌಚಿನ ವಿಷಯಕ್ಕೆ ಬನ್ನಿ. ರೀಫಿಲ್ ಅಂದಮೇಲೆ ಮನೆಯಲ್ಲಿ ಬಾಟಲಿ ಇದ್ದೇ ಇದೆ. ಪೌಚಿನ ಮೂಲೆ ಕತ್ತರಿಸಿ ಅದಕ್ಕೆ ಸುರಿಯೋದಕ್ಕೆ ಐದು ನಿಮಿಷ. ನಮ್ಮ ಮನೆಯಲ್ಲಿ ಅದು ನಿಂತಿರೋದೇ ಇಲ್ಲ! ಅದು ನಿಲ್ಲಬೇಕಾದದ್ದು ಸೂಪರ್ ಮಾರ್ಕೆಟ್ಟಿನ ಶೆಲ್ಫಿನಲ್ಲಿ, ನಮ್ಮ ಕಣ್ಣಿಗೆ ಬೀಳೋಕೆ. ಅಂದರೆ ಈ ಡಿಸೈನಿನ ರಿಕ್ವೈರ್‌ಮೆಂಟ್ ಬರೆದದ್ದು ಅಂಗಡಿಯ ಶೆಲ್ಫು. ಅಮ್ಮನ ಸಿಂಕೂ ಅಲ್ಲ, ಗುಜರಿಯವನ ಚೀಲವೂ ಅಲ್ಲ. ಅಡುಗೆ ಎಣ್ಣೆ ದಿಂಬು ಪ್ಯಾಕೆಟ್ಟಿನಲ್ಲೇ ಬಂದು, ರಟ್ಟಿನ ಡಬ್ಬಿಯಲ್ಲಿ ಮಲಗಿಕೊಂಡೇ ಮಾರಾಟ ಆಗುತ್ತೆ. ಸೋಪಿನ ನೀರು ಹಾಗೆ ಮಲಗಿದರೆ ಏನು ನಷ್ಟ?

ದಾರಿಯಲ್ಲಿ ಕುಡಿಯೋ ಜ್ಯೂಸು ನಿಲ್ಲಬೇಕು, ಸರಿ. ಮುಚ್ಚಳ ಇದ್ದು ವಾರಗಟ್ಟಲೆ ಬಳಸೋ ವಸ್ತು ನಿಲ್ಲಬೇಕು, ಅದೂ ಸರಿ. ಅಂಥ ಕಡೆ ಒಂದೇ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಮಾಡಲಿ. ಆಗಲ್ಲ ಅನ್ನೋ ಹಾಗಿಲ್ಲ. ಪಾಲಿಥೀನನ್ನೇ ಎಳೆದು ಬಿಗಿ ಮಾಡಿ ಹೊರಪದರಕ್ಕೆ ಬಳಸೋ ತಂತ್ರ ಈಗ ಇದೆ. ಕಷ್ಟ ಏನಂದರೆ, ಒಳಗೂ ಹೊರಗೂ ಪಾಲಿಥೀನೇ ಆದಾಗ ಆ 140 ಡಿಗ್ರಿಯ ಅಂತರ 20-30 ಡಿಗ್ರಿಗೆ ಇಳಿಯುತ್ತೆ. ದವಡೆಯ ಶಾಖವನ್ನ ತುಂಬಾ ಹುಷಾರಾಗಿ ಹಿಡಿದಿಡಬೇಕು, ಯಂತ್ರವನ್ನ ನಿಧಾನ ಮಾಡಬೇಕಾಗಬಹುದು. ನಿಧಾನ ಅಂದರೆ ಖರ್ಚು. ಆ ಖರ್ಚು ಇವತ್ತೂ ಇದೆ, ತೆರ್ತಾ ಇರೋದು ಮಾತ್ರ ನಮ್ಮಮ್ಮನ ಹಂಡೆ ಒಲೆ.

ಕಾನೂನು ಏನು ಮಾಡ್ತಿದೆ ಅಂತ ನೋಡಿದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮದಲ್ಲಿ, ಮರುಬಳಕೆ ಆಗದ ಬಹುಪದರದ ಪ್ಲಾಸ್ಟಿಕ್ಕನ್ನ ಎರಡು ವರ್ಷದಲ್ಲಿ ನಿಲ್ಲಿಸಬೇಕು ಅಂತಿತ್ತು. 2018ರಲ್ಲಿ ಅದಕ್ಕೆ ತಿದ್ದುಪಡಿ ತಂದು, ಸುಟ್ಟು ಶಕ್ತಿ ಪಡೆಯೋದು, ಬೇರೆ ಉಪಯೋಗಕ್ಕೆ ಹಾಕೋದು ಅಂತೆಲ್ಲ ಕಿಂಡಿ ಬಿಟ್ಟರು. ಸಿಮೆಂಟ್ ಕಾರ್ಖಾನೆಯ ಕುಲುಮೆಯಲ್ಲಿ ಸುಟ್ಟರೂ ಲೆಕ್ಕಕ್ಕೆ ಸರಿ. 2022ರ ಫೆಬ್ರವರಿಯಲ್ಲಿ ಉತ್ಪಾದಕರ ಹೊಣೆಯ ಮಾರ್ಗಸೂಚಿ ಬಂದಾಗ ಪ್ಯಾಕಿಂಗ್ ಪ್ಲಾಸ್ಟಿಕ್ಕನ್ನ ನಾಲ್ಕು ವರ್ಗ ಮಾಡಿದರು. ಅಲ್ಯೂಮಿನಿಯಂ ಥರದ್ದು ಸೇರಿದರೆ ಮೂರನೇ ವರ್ಗ. ಆದರೆ ಬರೀ ಪಾಲಿಥೀನಿನ ಹಾಲಿನ ಪ್ಯಾಕೆಟ್ಟು ಮತ್ತು ಪೆಟ್-ಪಾಲಿಥೀನ್ ಅಂಟಿಸಿದ ಪೌಚು ಎರಡೂ ಎರಡನೇ ವರ್ಗದಲ್ಲೇ! ಗುಜರಿಯವನು ಒಂದು ಸೆಕೆಂಡಿನಲ್ಲಿ ಕೈಯಲ್ಲಿ ಹಿಸುಕಿ ನೋಡಿ ಬೇರೆ ಮಾಡಿದ್ದನ್ನ ಕಾನೂನು ಒಂದೇ ಬುಟ್ಟಿಗೆ ಹಾಕಿದೆ. ಕಷ್ಟಪಟ್ಟು ಒಂದೇ ಜಾತಿಯಲ್ಲಿ ಪೌಚು ಮಾಡಿದವನಿಗೂ, ಅಂಟಿಸಿ ಮಾಡಿದವನಿಗೂ ಒಂದೇ ವರ್ಗ ಅಂದರೆ ಕಷ್ಟ ಯಾರು ಪಡ್ತಾರೆ ಹೇಳಿ? ಈ ವರ್ಗವನ್ನ ಎರಡಾಗಿ ಸೀಳಬೇಕು. ನನ್ನ ಅಭಿಪ್ರಾಯ ಇಷ್ಟೇ.

ಬಾಟಲಿಗೇ ವಾಪಸ್ ಹೋಗೋಣ ಅಂತ ನಾನು ಹೇಳ್ತಿಲ್ಲ. ಬಾಟಲಿಗೆ ಪೌಚಿಗಿಂತ ಎಷ್ಟೋ ಹೆಚ್ಚು ಪ್ಲಾಸ್ಟಿಕ್ ಬೇಕು, ನಾನು ಅಮ್ಮನಿಗೆ ಹೇಳಿದ ಆ ಮಾತು ಸುಳ್ಳಲ್ಲ. ಆದರೆ 'ಕಡಿಮೆ' ಅನ್ನೋದೊಂದನ್ನೇ ನೋಡಿದೆ, 'ಆಮೇಲೆ ಎಲ್ಲಿಗೆ' ಅಂತ ಕೇಳಲಿಲ್ಲ. ಇಂಜಿನಿಯರ್ ಆಗಿ ಕೇಳಬೇಕಿತ್ತು.

ಓದಿದ ಮೇಲೆ ಒಂದು ಕೆಲಸ ಮಾಡಿ. ಅಡುಗೆಮನೆಗೆ ಹೋಗಿ ನಿಲ್ಲೋ ಪೌಚು ಯಾವುದಾದರೂ ಇದ್ದರೆ ತಿರುಗಿಸಿ, ತ್ರಿಕೋನದ ಒಳಗಿನ ಅಂಕಿ ನೋಡಿ. 4 ಇದ್ದರೆ ಹಾಲಿನ ಪ್ಯಾಕೆಟ್ಟಿನ ಜಾತಿ. 7 ಇದ್ದರೆ 'ಇತರೆ', ಬೆರಕೆ. ಏನು ಸಿಕ್ಕಿತು ಅಂತ ಇಲ್ಲಿ ಬರೀರಿ, ಎಲ್ಲರಿಗೂ ಗೊತ್ತಾಗಲಿ.

ನಿನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಪೆಟ್ಟು, ಪಾಲಿಥೀನು, 110, 250, ಎಲ್ಲ. ಪೂರ್ತಿ ಕೇಳಿಸ್ಕೊಂಡಳು. "ಅಂತೂ ಅವ್ನು ತಗಳಲ್ಲ" ಅಂದಳು.

"ಇಲ್ಲಮ್ಮ. ಒಲೆಗೂ ಹಾಕಬೇಡ."

"ಮತ್ತೆ ಎಲ್ಲಿಗೆ ಹಾಕ್ಲೋ?"

ಒಂದು ಚೀಲದಲ್ಲಿ ಕಟ್ಟಿಡು, ಮುಂದಿನ ಸಲ ಬಂದಾಗ ಬೆಂಗಳೂರಿಗೆ ತರ್ತೀನಿ, ಇಲ್ಲಿ ಒಣಕಸದ ಕೇಂದ್ರಕ್ಕೆ ಕೊಡ್ತೀನಿ ಅಂದೆ. ಅಲ್ಲಿಂದ ಅದು ಯಾವ ಕುಲುಮೆಗೆ ಹೋಗುತ್ತೆ ಅಂತ ಹೇಳಲಿಲ್ಲ.