ಕೋಲಿನ ನೆರಳು ತೋರುವ ಹಬ್ಬ

ಸೆಪ್ಟೆಂಬರ್ 23ರ ವಿಶೇಷವೇನು ಎಂದು ಕೇಳಿದರೆ ಪ್ರೌಢಶಾಲೆಯ ಮಕ್ಕಳು ‘ಅಂದು ಹಗಲು ಇರುಳು ಸಮ’ ಎಂದು ಥಟ್ಟನೆ ಹೇಳಿಬಿಡುತ್ತಾರೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕವೂ ಸಿಗುತ್ತದೆ. ಆದರೆ ಅಂದು ಶಾಲೆಯ ಅಂಗಳಕ್ಕೆ ಇಳಿದು, ಸೂರ್ಯ ಎಲ್ಲಿ ಮೂಡಿದ, ನೆರಳು ಎತ್ತ ಸರಿಯಿತು ಎಂದು ನೋಡಿದವರು ಎಷ್ಟು ಮಂದಿ? ಈ ದಿನವನ್ನೇ ಹಬ್ಬವಾಗಿ ಆಚರಿಸುವ ಜನ ಜಗತ್ತಿನಲ್ಲಿದ್ದಾರೆ. ಅವರ ಹಬ್ಬ ಯಾವುದು? ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಡೆ ಅಂಥದೊಂದು ಹಬ್ಬ ಏಕಿಲ್ಲ? ನಾವು ಮಾಡುವುದಾದರೆ ಹೇಗೆ ಮಾಡಬಹುದು? ಈ ವಾರ ಇದನ್ನು ನೋಡೋಣ.

ಮೊದಲು ಸಂಗತಿಯನ್ನು ತಿಳಿದುಕೊಳ್ಳೋಣ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿಯಷ್ಟು ವಾಲಿದೆ. ಹೀಗೆ ವಾಲಿಕೊಂಡೇ ಭೂಮಿ ಸೂರ್ಯನನ್ನು ಸುತ್ತುವುದರಿಂದ ಸೂರ್ಯ ನಮಗೆ ಆರು ತಿಂಗಳು ಉತ್ತರಕ್ಕೆ, ಆರು ತಿಂಗಳು ದಕ್ಷಿಣಕ್ಕೆ ಸರಿದಂತೆ ಕಾಣುತ್ತಾನೆ. ಹೀಗೆ ಸರಿಯುವಾಗ ವರ್ಷಕ್ಕೆ ಎರಡು ಸಲ ಸಮಭಾಜಕ ವೃತ್ತದ ನೆತ್ತಿಯ ಮೇಲೆ ಬರುತ್ತಾನೆ. ಇದೇ ವಿಷುವ. ಮಾರ್ಚ್ 20 ಅಥವಾ 21ರಂದು ವಸಂತ ವಿಷುವ, ಸೆಪ್ಟೆಂಬರ್ 22 ಅಥವಾ 23ರಂದು ಶರದ್ ವಿಷುವ. 2025ರಲ್ಲಿ ಶರದ್ ವಿಷುವದ ಗಳಿಗೆ ಸೆಪ್ಟೆಂಬರ್ 22ರ ರಾತ್ರಿ 11 ಗಂಟೆ 49 ನಿಮಿಷ; 2026ರಲ್ಲಿ ಸೆಪ್ಟೆಂಬರ್ 23ರ ಬೆಳಗಿನ ಜಾವ 5 ಗಂಟೆ 35 ನಿಮಿಷ. ವರ್ಷವೆಂದರೆ 365 ದಿನದ ಮೇಲೆ ಸುಮಾರು ಆರು ಗಂಟೆ. ಆ ಆರು ಗಂಟೆಯೇ ಈ ಗಳಿಗೆಯನ್ನು ಮುಂದಕ್ಕೆ ತಳ್ಳುತ್ತದೆ. ಅಧಿಕ ವರ್ಷದಲ್ಲಿ ಫೆಬ್ರವರಿಗೆ ಸೇರುವ ಒಂದು ದಿನ ಮತ್ತೆ ಹಿಂದಕ್ಕೆ ಎಳೆಯುತ್ತದೆ.

ಇನ್ನು ಹಬ್ಬದ ಮಾತು. ಕ್ರೈಸ್ತ ಧರ್ಮ ಬರುವ ಮೊದಲು ಯೂರೋಪಿನಲ್ಲಿದ್ದ ಪ್ರಕೃತಿ ಪೂಜೆಯನ್ನು ಹೊಸದಾಗಿ ಕಟ್ಟಿಕೊಂಡವರನ್ನು ಆಧುನಿಕ ಪೇಗನ್ನರು ಎಂದು ಕರೆಯುತ್ತಾರೆ. ವಿಕ್ಕ ಮೊದಲಾದ ಅವರ ಪಂಥಗಳು 20ನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡು ಅಮೆರಿಕಕ್ಕೂ ಹಬ್ಬಿದವು. ಅವರಿಗೆ ವರ್ಷವೆಂದರೆ ಎಂಟು ಅರಗಳ ಚಕ್ರ. ಎರಡು ವಿಷುವ, ಹಗಲು ಅತಿ ದೀರ್ಘವಾಗುವ ಹಾಗೂ ಅತಿ ಕಿರಿದಾಗುವ ಎರಡು ದಿನ, ಇವುಗಳ ನಡುವೆ ಬರುವ ನಾಲ್ಕು ದಿನ, ಒಟ್ಟು ಎಂಟು ಹಬ್ಬ. ಶರದ್ ವಿಷುವದ ಹಬ್ಬಕ್ಕೆ ‘ಮೇಬನ್’ ಎಂಬ ಹೆಸರು. ಅಂದು ಸೇಬು, ಹೊಸ ಧಾನ್ಯದ ರೊಟ್ಟಿ, ದ್ರಾಕ್ಷಿಗಳನ್ನು ಜೋಡಿಸಿಟ್ಟು, ಫಸಲು ಕೊಟ್ಟ ಭೂಮಿಯನ್ನು ನೆನೆದು, ಎಲ್ಲರೂ ಕೂಡಿ ಊಟ ಮಾಡುತ್ತಾರೆ. ಲಂಡನ್ನಿನ ಪ್ರಿಮ್‌ರೋಸ್ ಗುಡ್ಡದ ಮೇಲೆ ಬಿಳಿ ನಿಲುವಂಗಿ ತೊಟ್ಟ ಡ್ರೂಯಿಡರು ಸೇರುತ್ತಾರೆ. ಮೇಬನ್ ಎಂಬುದು ವೇಲ್ಸ್ ನಾಡಿನ ಹಳೆಯ ಕಥೆಯೊಂದರಲ್ಲಿ ಬರುವ ಯುವಕನ ಹೆಸರು. ಅದನ್ನು ಈ ಹಬ್ಬಕ್ಕೆ ಇಟ್ಟವರು ಅಮೆರಿಕದ ಏಡನ್ ಕೆಲ್ಲಿ ಎಂಬುವರು, ಅದೂ 1970ರ ದಶಕದಲ್ಲಿ. ಹೆಸರಿಗೆ ಅರ್ಧ ಶತಮಾನದಷ್ಟೇ ವಯಸ್ಸು. ಆಕಾಶದ ಘಟನೆ ಮಾತ್ರ ಭೂಮಿಯಷ್ಟೇ ಹಳೆಯದು.

ಅವರಿಗೆ ಈ ದಿನ ಅಷ್ಟು ಮುಖ್ಯವಾಗಲು ಕಾರಣವಿದೆ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆ ಮೀರಿದರೆ, ಡಿಸೆಂಬರಿನ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಸೆಪ್ಟೆಂಬರ್ ಕಳೆಯಿತೆಂದರೆ ಬೆಳಕು ದಿನದಿನಕ್ಕೆ ಕರಗುವುದು ಕಣ್ಣಿಗೇ ಕಾಣುತ್ತದೆ. ಗೋಧಿ, ಬಾರ್ಲಿ ಕಣಜ ಸೇರಿರುತ್ತವೆ, ಮುಂದೆ ಬರುವುದು ಚಳಿ. ನಮ್ಮ ರಾಮನಗರದಲ್ಲೋ, ವರ್ಷದ ಅತಿ ದೀರ್ಘ ಹಗಲು ಸುಮಾರು 12 ಗಂಟೆ 52 ನಿಮಿಷ, ಅತಿ ಕಿರಿದಾದ ಹಗಲು ಸುಮಾರು 11 ಗಂಟೆ 22 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಸಮಭಾಜಕ ವೃತ್ತಕ್ಕೆ ಹತ್ತಿರವಿರುವ ನಮಗೆ ಬೆಳಕಿನ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲ. ತಟ್ಟುವುದು ಮಳೆಯ ಏರಿಳಿತ. ಸೆಪ್ಟೆಂಬರಿನಲ್ಲಿ ನಮ್ಮ ಹೊಲಗಳಲ್ಲಿ ರಾಗಿ ಇನ್ನೂ ಹಸಿರಾಗಿ ನಿಂತಿರುತ್ತದೆ. ಕೊಯ್ಲು, ಒಕ್ಕಣೆ ಮುಗಿದು ಸುಗ್ಗಿ ಎನ್ನುವುದು ಸಂಕ್ರಾಂತಿಯ ಹೊತ್ತಿಗೆ. ಅವರ ಮೇಬನ್ ಸಂಭ್ರಮಕ್ಕೆ ನಮ್ಮಲ್ಲಿ ಸರಿಸಾಟಿಯಾದದ್ದು ಎಳ್ಳು ಬೆಲ್ಲದ ಹಬ್ಬವೇ ಹೊರತು ಸೆಪ್ಟೆಂಬರಿನ ಹಬ್ಬವಲ್ಲ.

ಹಾಗೆಂದು ಈ ದಿನಗಳು ನಮ್ಮಲ್ಲಿ ಬರಿದಾಗಿಲ್ಲ. ಮಹಾಲಯ ಅಮಾವಾಸ್ಯೆ, ಹಳ್ಳಿಯ ಮಾತಿನಲ್ಲಿ ಪಕ್ಷದ ಹಬ್ಬ, ಬರುವುದು ಈ ಕಾಲದಲ್ಲೇ. ಹಿರಿಯರಿಗೆ ಎಡೆ ಇಡುತ್ತೇವೆ. ಜಪಾನಿನಲ್ಲಿಯೂ ಶರದ್ ವಿಷುವದ ವಾರದಲ್ಲಿ ಹಿರಿಯರ ಸಮಾಧಿಗೆ ಹೋಗಿ ಹೂವಿಡುವ ವಾಡಿಕೆಯಿದೆ. 1948ರ ಕಾನೂನಿನ ಪ್ರಕಾರ ಅಂದು ರಾಷ್ಟ್ರೀಯ ರಜೆ. ವ್ಯತ್ಯಾಸವಿಷ್ಟೆ: ಜಪಾನೀಯರು ಸೂರ್ಯನನ್ನು ಹಿಡಿದು ದಿನ ಗೊತ್ತುಮಾಡಿದರೆ, ನಾವು ಚಂದ್ರನನ್ನು ಹಿಡಿಯುತ್ತೇವೆ. 2025ರಲ್ಲಿ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ರಂದು ಬಂತು, ಮರುದಿನ ವಿಷುವ. 2026ರಲ್ಲಿ ಅಧಿಕ ಮಾಸದ ಕಾರಣದಿಂದ ಅಮಾವಾಸ್ಯೆ ಅಕ್ಟೋಬರ್ 10ಕ್ಕೆ ಹೋಗುತ್ತದೆ, ವಿಷುವ ಮಾತ್ರ ತನ್ನ ಜಾಗದಲ್ಲೇ ಇರುತ್ತದೆ.

ನಮ್ಮ ಪೂರ್ವಿಕರಿಗೆ ವಿಷುವ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಹನ್ನೆರಡು ಅಂಗುಲದ ಶಂಕುವನ್ನು, ಎಂದರೆ ಒಂದು ಗೂಟವನ್ನು, ನೆಟ್ಟಗೆ ನಿಲ್ಲಿಸಿ ವಿಷುವದ ನಡುಹಗಲಿನ ನೆರಳನ್ನು ಅಳೆಯುತ್ತಿದ್ದರು. ಅದಕ್ಕೆ ‘ಪಲಭಾ’ ಎಂದು ಹೆಸರು. ಊರಿಗೊಂದು ಪಲಭಾ, ಅದರಿಂದಲೇ ಆ ಊರಿನ ಅಕ್ಷಾಂಶ, ಹಗಲಿನ ಅಳತೆ ಎಲ್ಲವನ್ನೂ ಲೆಕ್ಕ ಹಾಕುತ್ತಿದ್ದರು. ಸುಮಾರು 1,700 ವರ್ಷಗಳ ಹಿಂದೆ ಶರದ್ ವಿಷುವವೂ ತುಲಾ ಸಂಕ್ರಮಣವೂ ಒಂದೇ ದಿನ ಬರುತ್ತಿದ್ದವು. ಈಗ ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣ ಅಕ್ಟೋಬರ್ 17ರ ಆಸುಪಾಸಿನಲ್ಲಿ ಬರುತ್ತದೆ. ಇಪ್ಪತ್ತನಾಲ್ಕು ದಿನ ಹಿಂದೆ ಬಿದ್ದಂತಾಯಿತು.

ಇದಕ್ಕೆ ಕಾರಣ ಭೂಮಿಯ ಬುಗುರಿಯಾಟ. ಚನ್ನಪಟ್ಟಣದ ಬಣ್ಣದ ಬುಗುರಿಯನ್ನು ಆಡಿಸಿ ನೋಡಿ. ವೇಗ ತಗ್ಗಿದಾಗ ಅದರ ತಲೆ ಮೆಲ್ಲಗೆ ವೃತ್ತಾಕಾರವಾಗಿ ತೂಗುತ್ತದೆ. ಭೂಮಿಯ ಅಕ್ಷವೂ ಹಾಗೆಯೇ ತೂಗುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಇದರಿಂದಾಗಿ, ನಕ್ಷತ್ರಗಳನ್ನು ಆಧರಿಸಿದ ನಮ್ಮ ಪಂಚಾಂಗಕ್ಕೂ ಋತುಗಳಿಗೂ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆಯುತ್ತದೆ. ಸಂಕ್ರಾಂತಿಯಂದು ಉತ್ತರಾಯಣ ಆರಂಭ ಎನ್ನುತ್ತೇವೆ, ಸೂರ್ಯ ಮಾತ್ರ ಡಿಸೆಂಬರ್ 22ಕ್ಕೇ ಉತ್ತರಕ್ಕೆ ತಿರುಗಿರುತ್ತಾನೆ.

ಇದು ಬರೀ ಪಂಡಿತರ ಚರ್ಚೆಯಲ್ಲ. ನಮ್ಮ ರೈತರು ಮಖೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಎಂದು ಮಳೆಗಳನ್ನು ಎಣಿಸುತ್ತಾರೆ. ವಿಷುವ ಈಗ ಉತ್ತರೆ ಮಳೆಯ ನಡುವೆ ಬೀಳುತ್ತದೆ. ಮಳೆ ತರುವುದು ಸೂರ್ಯನ ಬಿಸಿಲೂ ಗಾಳಿಯೂ. ನಕ್ಷತ್ರದ ಹೆಸರು ನಾವಿಟ್ಟ ಗುರುತು. ಒಂದೊಂದು ಮಳೆಯ ಅವಧಿ ಹದಿಮೂರು ಹದಿನಾಲ್ಕು ದಿನ. ಅಂದರೆ ಸಾವಿರ ವರ್ಷದೊಳಗೆ ಆ ಗುರುತು ಒಂದು ಮಳೆಯಷ್ಟು ಸರಿದುಬಿಡುತ್ತದೆ. ಅಜ್ಜನ ಲೆಕ್ಕವನ್ನು ಮೊಮ್ಮಗ ನಂಬಬಹುದು, ಅಜ್ಜನ ಅಜ್ಜನ ಕಾಲಕ್ಕೂ ಹೆಚ್ಚು ಅಂತರವಿಲ್ಲ. ಆದರೆ ಗಾದೆ ಬಹಳ ಹಳೆಯದಾದಷ್ಟೂ ಅದನ್ನು ಋತುವಿನೊಡನೆ ತಾಳೆ ನೋಡಬೇಕಾಗುತ್ತದೆ.

ಈ ತೊಡಕನ್ನು ಬಿಡಿಸಲು ಭಾರತ ಸರ್ಕಾರ 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚಿಸಿತು. ಅದರ ಶಿಫಾರಸಿನಂತೆ 1957ರ ಮಾರ್ಚ್ 22ರಂದು ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅದರಲ್ಲಿ ವರ್ಷ ಆರಂಭವಾಗುವುದು ವಸಂತ ವಿಷುವದ ಮರುದಿನ. ಆಶ್ವಯುಜ ಮಾಸದ ಮೊದಲ ದಿನ ಸೆಪ್ಟೆಂಬರ್ 23, ಎಂದರೆ ಶರದ್ ವಿಷುವದ ಆಸುಪಾಸೇ! ಸರ್ಕಾರದ ರಾಜ್ಯಪತ್ರದಲ್ಲಿ ಈ ತಾರೀಖು ಅಚ್ಚಾಗುತ್ತದೆ, ನಮ್ಮ ಮನೆಯ ಗೋಡೆಗೆ ಮಾತ್ರ ಬರಲಿಲ್ಲ.

ಇನ್ನು ಹಬ್ಬ ಮಾಡುವ ಬಗೆ. ಖರ್ಚಿಲ್ಲ. ಒಂದು ಮೀಟರ್ ಉದ್ದದ ನೇರವಾದ ಕೋಲು, ಸಮತಟ್ಟಾದ ಅಂಗಳ, ಸೀಮೆಸುಣ್ಣ ಸಾಕು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗೆ ನಿಂತಿದೆಯೇ ಎಂದು ನೋಡಿ. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಚುಕ್ಕೆ ಇಡಿ. ಬೇರೆ ತಿಂಗಳುಗಳಲ್ಲಿ ಈ ಚುಕ್ಕೆಗಳು ಬಾಗಿದ ಗೆರೆಯಾಗುತ್ತವೆ. ವಿಷುವದಂದು ಮಾತ್ರ ನೇರ ಗೆರೆ. ಆ ಗೆರೆ ತೋರಿಸುವುದು ನಿಜವಾದ ಪೂರ್ವ ಪಶ್ಚಿಮ. ಜೂನ್ ತಿಂಗಳಲ್ಲಿ ನಮ್ಮೂರ ಸೂರ್ಯ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಮೂಡುತ್ತಾನೆ. ಹೀಗಾಗಿ ‘ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ’ ಎಂಬ ವಾಕ್ಯ ಕರಾರುವಾಕ್ಕಾಗಿ ನಿಜವಾಗುವುದು ವರ್ಷಕ್ಕೆ ಎರಡು ಸಲ ಮಾತ್ರ.

ಅತಿ ಗಿಡ್ಡ ನೆರಳು ಬೀಳುವುದು ಗಡಿಯಾರದ ಹನ್ನೆರಡಕ್ಕಲ್ಲ. ನಮ್ಮ ಕಡೆ ಸೆಪ್ಟೆಂಬರ್ ವಿಷುವದಂದು ಅದು ಸುಮಾರು 12 ಗಂಟೆ 13 ನಿಮಿಷಕ್ಕೆ. ಆಗ ನೆರಳನ್ನು ಅಳೆಯಿರಿ. ಕನಕಪುರದಲ್ಲಿ ಸುಮಾರು 22.3 ಸೆಂಟಿಮೀಟರ್, ರಾಮನಗರದಲ್ಲಿ ಸುಮಾರು 22.5, ಮಾಗಡಿಯಲ್ಲಿ ಸುಮಾರು 23 ಬರಬೇಕು. ಕಾಗದದ ಮೇಲೆ ಕೋಲು, ನೆರಳುಗಳ ತ್ರಿಕೋನ ಬರೆದು, ಕೋಲಿನ ತುದಿಯ ಕೋನವನ್ನು ಕೋನಮಾಪಕದಿಂದ ಅಳೆದರೆ ಹನ್ನೆರಡೂವರೆ, ಹದಿಮೂರು ಡಿಗ್ರಿ ಸಿಗುತ್ತದೆ. ಅದೇ ನಿಮ್ಮೂರಿನ ಅಕ್ಷಾಂಶ. ಬೀದರಿನಲ್ಲಿ ಬಂಧುಗಳಿದ್ದರೆ ಅವರಿಂದಲೂ ಅಳತೆ ತರಿಸಿ. ಅಲ್ಲಿ ನೆರಳು ಸುಮಾರು 32 ಸೆಂಟಿಮೀಟರ್. ಎರಡು ಊರುಗಳ ಉತ್ತರ ದಕ್ಷಿಣ ಅಂತರ ಸುಮಾರು 575 ಕಿಲೋಮೀಟರ್. ಕೋನಗಳ ವ್ಯತ್ಯಾಸ ಐದು ಡಿಗ್ರಿ ಚಿಲ್ಲರೆ. ಇಷ್ಟು ಡಿಗ್ರಿಗೆ ಇಷ್ಟು ದೂರವಾದರೆ 360 ಡಿಗ್ರಿಗೆ ಎಷ್ಟು? ತ್ರೈರಾಶಿ ಮಾಡಿ ನೋಡಿ, ಭೂಮಿಯ ಸುತ್ತಳತೆ 40,000 ಕಿಲೋಮೀಟರಿನ ಹತ್ತಿರ ಬರುತ್ತದೆ.

ಹಗಲು ಇರುಳು ಸಮ ಎಂಬ ಮಾತನ್ನೂ ಗಡಿಯಾರ ಹಿಡಿದು ಪರೀಕ್ಷಿಸಿ. ಅಂದು ನಮ್ಮಲ್ಲಿ ಹಗಲು ಆರೇಳು ನಿಮಿಷ ಹೆಚ್ಚೇ ಇರುತ್ತದೆ! ಸೂರ್ಯನ ಮೇಲಂಚು ಕಂಡೊಡನೆ ಉದಯ ಎನ್ನುತ್ತೇವೆ, ಮೇಲಂಚು ಮರೆಯಾದ ಮೇಲಷ್ಟೇ ಅಸ್ತ ಎನ್ನುತ್ತೇವೆ. ಜೊತೆಗೆ ವಾಯುಮಂಡಲ ಬೆಳಕನ್ನು ಬಾಗಿಸಿ, ದಿಗಂತದ ಕೆಳಗಿರುವ ಸೂರ್ಯನನ್ನೂ ತೋರಿಸುತ್ತದೆ. ಹಗಲು ನಿಜವಾಗಿ ಹನ್ನೆರಡು ಗಂಟೆಗೆ ಇಳಿಯುವುದು ಗಾಂಧಿ ಜಯಂತಿಯ ಆಸುಪಾಸಿನಲ್ಲಿ.

ಪಾಲಕರಲ್ಲಿ ಒಂದು ಮಾತು. ಅಂದು ಮಕ್ಕಳು ಮನೆಯ ಮುಂದೆ ಕೋಲು ನೆಟ್ಟರೆ ‘ಬಿಸಿಲಲ್ಲಿ ಏನು ಆಟ, ಒಳಗೆ ಬಂದು ಓದು’ ಎಂದು ಗದರಬೇಡಿ. ಅವರು ಓದುತ್ತಲೇ ಇರುತ್ತಾರೆ. ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸದಂತೆ ಮಾತ್ರ ನೋಡಿಕೊಳ್ಳಿ. ಸೆಪ್ಟೆಂಬರ್ ನಮ್ಮಲ್ಲಿ ಮಳೆಯ ತಿಂಗಳು. ಮೋಡ ಕವಿದರೆ ಹಿಂದಿನ ಅಥವಾ ಮುಂದಿನ ದಿನ ಅಳೆದರೂ ನೆರಳಿನಲ್ಲಿ ಏಳೆಂಟು ಮಿಲಿಮೀಟರ್ ವ್ಯತ್ಯಾಸವಾದೀತು, ಅಷ್ಟೆ. ಅದೂ ಆಗದಿದ್ದರೆ ಮಾರ್ಚ್ 20ಕ್ಕೆ ಕಾಯಿರಿ. ಆಗ ಆಕಾಶ ತಿಳಿಯಾಗಿರುತ್ತದೆ, ಗಿಡ್ಡ ನೆರಳು ಸುಮಾರು 12 ಗಂಟೆ 28 ನಿಮಿಷಕ್ಕೆ ಬೀಳುತ್ತದೆ. ಅಳತೆಯನ್ನು ತಾರೀಖಿನೊಡನೆ ನೋಟುಬುಕ್ಕಿನಲ್ಲಿ ಬರೆದಿಡಿ. ಮುಂದಿನ ವರ್ಷದ ಅಳತೆಯನ್ನು ಅದರ ಪಕ್ಕದಲ್ಲೇ ಬರೆಯಬಹುದು.