ಡಿಗ್ರಿ ನಡುವೆಯೇ ವಿಮಾನ ಹತ್ತಬೇಕೇ? ಕೊಚ್ಚಿ, ತಿರುವನಂತಪುರದ ಮನೆಗಳಲ್ಲಿ ಬದಲಾದ ಲೆಕ್ಕಾಚಾರ

ಕೊಚ್ಚಿಯ ಎಂ.ಜಿ. ರಸ್ತೆಯಲ್ಲಿ ನಡೆದು ಹೋದರೆ ಬ್ರಿಟನ್, ಕೆನಡಾ, ಜರ್ಮನಿ ಬಾವುಟಗಳ ಬೋರ್ಡ್‌ಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಐಇಎಲ್‌ಟಿಎಸ್ ಕೋಚಿಂಗ್, ವೀಸಾ ನೆರವು, ಸಾಲ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಹಿಂದೆ ಕೇರಳದ ಮನೆಯಲ್ಲಿ ವಿದೇಶ ಎಂದರೆ ಓದು ಮುಗಿಸಿದ ಮಗ ಗಲ್ಫ್‌ಗೆ ದುಡಿಯಲು ಹೋಗುವುದು. ಈಗ ಓದು ಮುಗಿಯುವ ಮೊದಲೇ ಆ ಮಾತು ಬರುತ್ತದೆ: ಇಲ್ಲಿ ಡಿಗ್ರಿ ಮುಗಿಸಿ ಹೋಗುವುದೋ, ಮೊದಲ ವರ್ಷಕ್ಕೇ ಬಿಟ್ಟು ಹೊರಡುವುದೋ?

ತಿರುವನಂತಪುರದ ವಲಸೆ ಅಧ್ಯಯನ ಸಂಸ್ಥೆ ಐಐಎಂಎಡಿ, ಗುಲಾಟಿ ಹಣಕಾಸು ಸಂಸ್ಥೆಯ ಜೊತೆ ನಡೆಸಿದ 2023ರ ಕೇರಳ ವಲಸೆ ಸಮೀಕ್ಷೆ ಈ ಬದಲಾವಣೆಯನ್ನು ಅಂಕಿಗಳಲ್ಲಿ ತೋರಿಸಿದೆ. 2018ರಲ್ಲಿ 1.29 ಲಕ್ಷವಿದ್ದ ವಿದ್ಯಾರ್ಥಿ ವಲಸಿಗರ ಸಂಖ್ಯೆ ಐದೇ ವರ್ಷದಲ್ಲಿ ಸುಮಾರು 2.5 ಲಕ್ಷ ತಲುಪಿದೆ. ರಾಜ್ಯದ ಒಟ್ಟು ವಲಸಿಗರ ಸಂಖ್ಯೆ ಮಾತ್ರ 21 ಲಕ್ಷದಿಂದ 22 ಲಕ್ಷಕ್ಕೆ ಏರಿದೆಯಷ್ಟೇ. ಅಂದರೆ ಹೊಸದಾಗಿ ಹೊರಡುತ್ತಿರುವವರಲ್ಲಿ ಕೆಲಸಗಾರನಿಗಿಂತ ವಿದ್ಯಾರ್ಥಿಯೇ ಮುಂದಿದ್ದಾನೆ. ಮುಂದಿದ್ದಾಳೆ ಎಂದರೂ ತಪ್ಪಿಲ್ಲ. ವಿದ್ಯಾರ್ಥಿ ವಲಸಿಗರಲ್ಲಿ ಹೆಣ್ಣುಮಕ್ಕಳ ಪಾಲು ಶೇ 45ನ್ನು ದಾಟಿದೆ. ಜಿಲ್ಲೆಗಳ ಪೈಕಿ ಮೊದಲ ಸ್ಥಾನ ಕೊಚ್ಚಿ ಇರುವ ಎರ್ನಾಕುಳಂಗೆ.

ಅದೇ ಸಮೀಕ್ಷೆಯ ಪ್ರಕಾರ 2023ರಲ್ಲಿ ಕೇರಳಕ್ಕೆ ಹೊರದೇಶದಿಂದ ಬಂದ ಹಣ 2,16,893 ಕೋಟಿ ರೂ. ಈ ಹರಿವಿಗೆ ಈಗ ಎದುರು ದಿಕ್ಕಿನ ಹರಿವೂ ಸೇರಿದೆ. ಅಪ್ಪ ದುಬೈಯಲ್ಲಿ ದುಡಿದು ಉಳಿಸಿದ್ದು ಮಗಳ ಫೀಸಾಗಿ ಬ್ರಿಟನ್ನಿಗೆ ಹೋಗುತ್ತಿದೆ. ಗಲ್ಫ್‌ಗೆ ಹೋದವನು ಮೊದಲ ತಿಂಗಳಿಂದಲೇ ಮನೆಗೆ ಹಣ ಕಳಿಸಬಲ್ಲ. ಓದಲು ಹೋದವರ ಮನೆ ವರ್ಷಗಟ್ಟಲೆ ಕಾಯಬೇಕು, ಕಾಯುವಾಗಲೂ ಬಡ್ಡಿ ಬೆಳೆಯುತ್ತದೆ.

ಮನೆಪತ್ರ ಬ್ಯಾಂಕಿನಲ್ಲಿ

ಸಾಲದ ವಿಷಯಕ್ಕೆ ಬಂದಾಗಲೇ ಈ ತೀರ್ಮಾನದ ನಿಜವಾದ ಭಾರ ತಿಳಿಯುವುದು. ಸರ್ಕಾರಿ ಬ್ಯಾಂಕುಗಳು ಆಯ್ದ ಕೆಲವು ವಿಶ್ವವಿದ್ಯಾಲಯಗಳನ್ನು ಬಿಟ್ಟರೆ ಸಾಮಾನ್ಯವಾಗಿ 7.5 ಲಕ್ಷ ರೂ. ಮೀರಿದ ಶೈಕ್ಷಣಿಕ ಸಾಲಕ್ಕೆ ಅಡಮಾನ ಕೇಳುತ್ತವೆ. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರಕ್ಕೂ ಆ ಮೊತ್ತ ಸಾಲದು. ಮೂರು ವರ್ಷದ ಪದವಿಗಂತೂ ಮಾತೇ ಬೇಡ. ಹಾಗಾಗಿ ಮನೆಪತ್ರವೋ ಐದಾರು ಸೆಂಟ್ಸ್ ಜಾಗವೋ ಬ್ಯಾಂಕಿನಲ್ಲಿರುತ್ತದೆ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ, ಅಡಮಾನವಿಲ್ಲದೆ ಸಾಲ ಕೊಡುವ ಪಿಎಂ–ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಆಯ್ದ ಸಂಸ್ಥೆಗಳಿಗಷ್ಟೇ ಸೀಮಿತ.

ಸಾಲ ತೀರುವುದು ಅಲ್ಲಿನ ಸಂಬಳದಿಂದ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿತ್ತು. ಆದರೆ ಹೋಗುವ ದೇಶಗಳೇ ನಿಯಮ ಬದಲಿಸಿವೆ. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗೆ ಮಿತಿ ಹಾಕಿತು; ಹಿಂದಿನ ವರ್ಷಕ್ಕಿಂತ ಶೇ 35ರಷ್ಟು ಕಡಿತ ಎಂದು ಘೋಷಿಸಿತು. ವಿದ್ಯಾರ್ಥಿ ಖಾತೆಯಲ್ಲಿ ತೋರಿಸಬೇಕಾದ ಹಣ 10,000 ಡಾಲರ್‌ನಿಂದ ಒಮ್ಮೆಲೇ 20,635 ಕೆನಡಾ ಡಾಲರ್‌ಗೆ ಏರಿತು, 2025ರ ಸೆಪ್ಟೆಂಬರ್‌ನಿಂದ ಅದು 22,895. ಬ್ರಿಟನ್ 2024ರ ಜನವರಿಯಿಂದ ಬಹುತೇಕ ಸ್ನಾತಕೋತ್ತರ ವಿದ್ಯಾರ್ಥಿಗಳು ಕುಟುಂಬದವರನ್ನು ಕರೆತರುವುದನ್ನು ನಿಲ್ಲಿಸಿತು. ಓದಿನ ನಂತರ ಎರಡು ವರ್ಷ ಉಳಿದು ಕೆಲಸ ಮಾಡುವ ಅವಕಾಶವನ್ನು 2027ರ ಜನವರಿಯಿಂದ 18 ತಿಂಗಳಿಗೆ ಇಳಿಸುತ್ತಿದೆ. ಆರು ತಿಂಗಳು ಕಡಿಮೆ ಎಂದರೆ ಕೆಲಸ ಹುಡುಕುವ ಸಮಯದ ಕಾಲು ಭಾಗ ಹೋದಂತೆ.

ಏಜೆನ್ಸಿಯ ಕೌಂಟರಿನಲ್ಲಿ ಈ ವಿವರ ಎಷ್ಟು ಸ್ಪಷ್ಟವಾಗಿ ಸಿಗುತ್ತದೆ ಎಂಬುದು ಬೇರೆ ಪ್ರಶ್ನೆ. ಬ್ರಿಟನ್, ಕೆನಡಾದ ಅನೇಕ ಸಂಸ್ಥೆಗಳು ವಿದ್ಯಾರ್ಥಿ ಸೇರಿದರೆ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಸಲಹೆ ಉಚಿತ ಎಂಬ ಬೋರ್ಡಿನ ಹಿಂದೆ ಇರುವುದು ಇದೇ. ಬಹುತೇಕ ಕಡೆ ಬೋಧನಾ ಶುಲ್ಕವೇ ಇಲ್ಲದ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಿಂದ ಅಂಥ ಕಮಿಷನ್ ನಿರೀಕ್ಷಿಸುವಂತಿಲ್ಲ. ಉದ್ಯೋಗಕ್ಕೆ ಜನರನ್ನು ಕಳಿಸುವವರಿಗೆ 1983ರ ವಲಸೆ ಕಾಯ್ದೆಯಡಿ ಪರವಾನಗಿ ಬೇಕು. ವಿದ್ಯಾರ್ಥಿಗಳನ್ನು ಕಳಿಸುವವರು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ರಾಜ್ಯ ಸರ್ಕಾರದ್ದೇ ಆದ ನೋರ್ಕಾ ರೂಟ್ಸ್, ಒಡೆಪೆಕ್ ಇವೆ. ಕೊಚ್ಚಿಯ ಖಾಸಗಿ ಬೋರ್ಡ್‌ಗಳ ಮುಂದೆ ಅವುಗಳ ದನಿ ಕ್ಷೀಣ.

ಅರ್ಧದಲ್ಲಿ ಹೊರಟವರ ಕಷ್ಟ

ಕಾಲೇಜಿನ ಮಧ್ಯೆ ಸಿಕ್ಕಿಕೊಳ್ಳುವುದು ಎಂದರೇನು ಎಂಬುದನ್ನು 2022ರ ಫೆಬ್ರವರಿಯ ಯುಕ್ರೇನ್ ಯುದ್ಧ ಕಲಿಸಿತು. ಆಪರೇಷನ್ ಗಂಗಾ ಮೂಲಕ ವಾಪಸಾದ ಸಾವಿರಾರು ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಮಲಯಾಳಿಗಳೂ ಕನ್ನಡಿಗರೂ ದೊಡ್ಡ ಸಂಖ್ಯೆಯಲ್ಲಿದ್ದರು. ಇಲ್ಲಿನ ಕಾಲೇಜುಗಳಲ್ಲಿ ಅವರಿಗೆ ಸೀಟು ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಎಂದಿತು ಕೇಂದ್ರ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನವೆಂಬರ್‌ನ ನಿಯಮದಂತೆ ಕನಿಷ್ಠ 54 ತಿಂಗಳ ಓದು, ನಂತರ 12 ತಿಂಗಳ ಇಂಟರ್ನ್‌ಶಿಪ್ ಎರಡೂ ಒಂದೇ ವಿದೇಶಿ ಸಂಸ್ಥೆಯಲ್ಲಿ ಮುಗಿಯಬೇಕು.

ಹಾಗೆಂದು ಮಧ್ಯದಲ್ಲಿ ಹೋಗುವುದೆಲ್ಲ ತಪ್ಪಲ್ಲ. ಕಾಲೇಜಿನ ಹೆಸರು ಉಳಿಸಿಕೊಂಡು ಒಂದೆರಡು ಸೆಮಿಸ್ಟರ್ ಹೊರಗೆ ಓದಿ ಬರುವ ದಾರಿ ಇದೆ. ಮನೆಪತ್ರ ಬ್ಯಾಂಕಿಗೆ ಹೋಗಬೇಕಾದ ಪ್ರಮೇಯವೂ ಅಲ್ಲಿ ಕಡಿಮೆ. ಯುಜಿಸಿಯ 2022ರ ನಿಯಮದಂತೆ ಟ್ವಿನಿಂಗ್ ಕೋರ್ಸ್‌ನಲ್ಲಿ ಶೇ 30ರವರೆಗೆ ಕ್ರೆಡಿಟ್‌ಗಳನ್ನು ವಿದೇಶಿ ವಿಶ್ವವಿದ್ಯಾಲಯದಲ್ಲಿ ಗಳಿಸಬಹುದು, ಪದವಿ ಕೊಡುವುದು ಇಲ್ಲಿನ ಸಂಸ್ಥೆಯೇ. 2022ರಲ್ಲಿ ನ್ಯಾಕ್‌ನ ಎ++ ಪಡೆದ ಕೇರಳ ವಿಶ್ವವಿದ್ಯಾಲಯದಂಥವು ಇದಕ್ಕೆ ಅರ್ಹ. ಈ ದಾರಿಯ ಬಗ್ಗೆ ಎಂ.ಜಿ. ರಸ್ತೆಯ ಬೋರ್ಡ್‌ಗಳು ಮಾತಾಡದಿರುವುದು ಅರ್ಥವಾಗುತ್ತದೆ. ಕಾಲೇಜುಗಳೂ ಜೋರಾಗಿ ಹೇಳದಿರುವುದು ಅರ್ಥವಾಗುವುದಿಲ್ಲ.

ಕೇರಳ ಸರ್ಕಾರದ ಉತ್ತರ ತಡವಾಗಿ ಬಂದಿದೆ. 2024ರ ಜುಲೈ 1ರಂದು ತಿರುವನಂತಪುರದ ಸರ್ಕಾರಿ ಮಹಿಳಾ ಕಾಲೇಜಿನಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ನಾಲ್ಕು ವರ್ಷದ ಪದವಿಗೆ ಚಾಲನೆ ಕೊಟ್ಟರು. 133 ಕ್ರೆಡಿಟ್‌ಗೆ ಮೂರು ವರ್ಷದ ಪದವಿ, 177ಕ್ಕೆ ಆನರ್ಸ್. ಖಾಸಗಿ ವಿಶ್ವವಿದ್ಯಾಲಯಗಳನ್ನು ದಶಕಗಳ ಕಾಲ ವಿರೋಧಿಸಿದ್ದ ಎಡರಂಗವೇ 2025ರ ಮಾರ್ಚ್‌ನಲ್ಲಿ ಅವುಗಳಿಗೆ ಬಾಗಿಲು ತೆರೆಯುವ ಮಸೂದೆಯನ್ನು ವಿಧಾನಸಭೆಯಲ್ಲಿ ಅಂಗೀಕರಿಸಿತು. ಕರ್ನಾಟಕದಲ್ಲಿ ಅಂಥ ವಿಶ್ವವಿದ್ಯಾಲಯಗಳು ಬಂದು ವರ್ಷಗಳೇ ಆದವು. ಬೆಂಗಳೂರಿಗೆ ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಕ್ಯಾಂಪಸ್‌ಗೂ ಯುಜಿಸಿ ಒಪ್ಪಿಗೆ ಪತ್ರ ಸಿಕ್ಕಿದೆ. ಆದರೂ ಇಲ್ಲಿಂದ ಹೊರಡುವವರ ಸಾಲು ಕರಗಿಲ್ಲ. ಆದ್ದರಿಂದ ಸೀಟು ಹೆಚ್ಚಿಸಿದರೆ ವಲಸೆ ನಿಲ್ಲುತ್ತದೆ ಎಂಬ ವಾದ ದುರ್ಬಲ. ಹೊರಡುವವರಲ್ಲಿ ಅನೇಕರು ಹುಡುಕುತ್ತಿರುವುದು ಸೀಟಿಗಿಂತ ಹೆಚ್ಚಾಗಿ ಸಂಬಳವನ್ನು.

ನಾಲ್ಕು ವರ್ಷದ ಪದವಿಗೆ ಸೇರಿದ ಮೊದಲ ತಂಡ ಮೂರನೇ ವರ್ಷ ಮುಗಿಸುವುದು 2027ರಲ್ಲಿ. ಮೂರಕ್ಕೇ ಇಳಿದು ಒಂದು ವರ್ಷದ ಸ್ನಾತಕೋತ್ತರಕ್ಕೆ ಬ್ರಿಟನ್ನಿಗೆ ಹೋಗುವವರಿಗೆ ಓದಿನ ನಂತರ ಸಿಗುವುದು 18 ತಿಂಗಳು. ಇಲ್ಲೇ ನಾಲ್ಕನೇ ವರ್ಷವನ್ನೂ ಮುಗಿಸಿದವರಿಗೆ ಹದಿನಾರು ವರ್ಷದ ಓದು ಕೇಳುವ ಅಮೆರಿಕದ ವಿಶ್ವವಿದ್ಯಾಲಯಗಳ ದಾರಿ ಸುಲಭವಾಗುತ್ತದೆ; ಆದರೆ ಅಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌–1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾಗಿದೆ. ಮೂರಕ್ಕೆ ಇಳಿಯುವುದೋ ನಾಲ್ಕಕ್ಕೆ ಮುಂದುವರಿಯುವುದೋ ಎಂದು ಆ ತಂಡ ಹೇಳಬೇಕಾಗುವುದು ಮೂರನೇ ವರ್ಷದ ಕೊನೆಗೆ.