ಬೆಟ್ಟ ಕೊರೆಯುವ ಮುನ್ನ ಮೋಟರಿನ ಲೆಕ್ಕ

ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಬೇಕೋ ಬೇಡವೋ ಎಂಬ ಜಗಳದಲ್ಲಿ ಒಂದು ಕಡೆ ಸಿಂಗಳೀಕ, ಇನ್ನೊಂದು ಕಡೆ ಕರೆಂಟು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುವ ನನಗೆ ಅಮೂಲ್ಯ ರೆಡ್ಡಿಯವರ ಹೆಸರನ್ನು ಎರಡೂ ಕಡೆಯವರು ಎತ್ತದಿರುವುದೇ ಸೋಜಿಗ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಈ ರಸಾಯನಶಾಸ್ತ್ರಜ್ಞರು 1974ರಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಒಯ್ಯುವ ‘ಅಸ್ತ್ರ’ ಕೇಂದ್ರ ಕಟ್ಟಿದರು. ನಮ್ಮ ಕುಣಿಗಲ್ ಸೀಮೆಯಲ್ಲಿ ಅವರ ಹೆಸರು ತಿಳಿಯದವರಿಗೂ ಅಸ್ತ್ರ ಒಲೆ ಗೊತ್ತು; ಅಮ್ಮ ಮುದ್ದೆಗೆ ಎಸರಿಡುತ್ತಿದ್ದದ್ದು ಅದರ ಮೇಲೆಯೇ. ಇದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರ ತಂಡ ಸೌದೆ, ನೀರು, ಹೆಂಗಸರು ಮಕ್ಕಳ ದುಡಿಮೆಯನ್ನೆಲ್ಲ ಲೆಕ್ಕಕ್ಕೆ ತಂದಿತು. ಅಡುಗೆಗೆ ಸಗಣಿ ಗ್ಯಾಸ್ ಕೊಡಲು ಹೋದಾಗ ಸಗಣಿ ಸಾಲಲಿಲ್ಲ. ಇದ್ದ ಗ್ಯಾಸಿನಿಂದಲೇ ಎಂಜಿನ್ ಓಡಿಸಿ ಊರಿಗೆ ಕುಡಿಯುವ ನೀರು, ಮನೆಗಳಿಗೆ ದೀಪ ಕೊಟ್ಟರು. ಜನರಿಗೆ ಬೇಕಾದದ್ದು ನೀರು, ಬೆಳಕು. ಕಿಲೋವಾಟನ್ನು ಯಾರೂ ಬೇಡಿರಲಿಲ್ಲ.

ಇದೇ ಲೆಕ್ಕವನ್ನು ಅವರು ಇಡೀ ರಾಜ್ಯಕ್ಕೆ ಹಾಕಿದರು. 2000ನೇ ಇಸವಿಗೆ ಇಷ್ಟು ವಿದ್ಯುತ್ ಬೇಕೆಂದು ಸರ್ಕಾರದ ಸಮಿತಿಯೊಂದು ಅಂದಾಜಿಸಿತ್ತು. 1991ರಲ್ಲಿ ರೆಡ್ಡಿ ಮತ್ತು ಸಂಗಡಿಗರು ‘ಡಿಫೆಂಡಸ್’ ಎಂಬ ಬದಲಿ ಲೆಕ್ಕ ಪ್ರಕಟಿಸಿ, ಅದರ ಅರ್ಧಕ್ಕಿಂತ ಕಡಿಮೆ ಸಾಕು ಎಂದರು. ಮನೆಮನೆಗೆ ದೀಪ ಕೊಟ್ಟೂ! ಬುರುಡೆ ಬಲ್ಬಿನ ಬದಲು ಸಿಎಫ್‌ಎಲ್, ಗೀಸರ್ ಬದಲು ಸೋಲಾರ್, ಪಂಪ್‌ಸೆಟ್ಟಿಗೆ ಒಳ್ಳೆಯ ಫುಟ್‌ವಾಲ್ವ್. ಉಳಿಸಿದ ಯೂನಿಟ್ಟಿನ ಖರ್ಚನ್ನು ಹೊಸ ಸ್ಥಾವರದ ಯೂನಿಟ್ಟಿನ ಖರ್ಚಿನ ಪಕ್ಕದಲ್ಲೇ ಬರೆದು, ಅಗ್ಗದ್ದನ್ನು ಮೊದಲು ಆರಿಸಿಕೊಂಡರು. ಕೈಗಾ ಅಣುಸ್ಥಾವರವನ್ನು ಅವರು ವಿರೋಧಿಸಿದ್ದೂ ಹೀಗೆ ಖರ್ಚಿನ ಪಟ್ಟಿ ಹಿಡಿದೇ.

ಈಗ ಕಾಲ ಬೇರೆ, ನಿಜ. ಪಾವಗಡದ 2050 ಮೆಗಾವಾಟ್ ಸೋಲಾರ್ ಪಾರ್ಕು ಸಂಜೆಯ ದೀಪಕ್ಕೆ ಒದಗುವುದಿಲ್ಲ. ಹಗಲಿನ ಕರೆಂಟನ್ನು ಎಲ್ಲಾದರೂ ಕೂಡಿಡಲೇಬೇಕು. ಆದರೆ ಸುರಂಗ ಕೊರೆದು ಬೆಟ್ಟದ ಮೇಲಕ್ಕೆ ನೀರೆತ್ತಿ ಮತ್ತೆ ಕೆಳಗೆ ಬಿಡುವ ಈ ಪಂಪ್ಡ್ ಸ್ಟೋರೇಜ್ ಯೋಜನೆ ನೂರು ಯೂನಿಟ್ ಪಡೆದು ಎಂಬತ್ತರ ಆಸುಪಾಸು ಹಿಂದಿರುಗಿಸುತ್ತದೆ. ಹಾಗಿರುವಾಗ ಬೋರ್‌ವೆಲ್ ಮೋಟರನ್ನು ರಾತ್ರಿ ಓಡಿಸುವುದೇಕೆ? ಬೆಳೆಗೆ ನೀರು ಮಧ್ಯಾಹ್ನ ಬಂದರೂ ಸರಿಯೇ.

ನಮ್ಮ ಮೋಟರೂ ಹಳೆಯದು. ಕೇಳಿದರೆ ನನ್ನ ತಮ್ಮ, “ಬಿಲ್ಲೇ ಬರಲ್ಲ, ಹೊಸದು ಯಾಕಕ್ಕ? ಸುಟ್ಟರೆ ವೈಂಡಿಂಗ್ ಮಾಡಿಸ್ತೀನಿ” ಎನ್ನುತ್ತಾನೆ. ಅವನ ಲೆಕ್ಕದಲ್ಲಿ ತಪ್ಪೇನಿಲ್ಲ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿನ ಬಿಲ್ಲನ್ನು ಸರ್ಕಾರ ತುಂಬುತ್ತದೆ, ಉಳಿತಾಯವೂ ಖಜಾನೆಯದೇ. ಹಾಗಾದರೆ ಒಳ್ಳೆಯ ಮೋಟರನ್ನು ಖಜಾನೆಯೇ ಕೊಡಿಸಲಿ, ಉಳಿತಾಯವನ್ನು ಅಳೆಯಲು ಮೀಟರೂ ಇರಲಿ.

ಆ ಖರ್ಚನ್ನು ಶರಾವತಿ ಕಡತದಲ್ಲಿ ಸುರಂಗದ ಖರ್ಚಿನ ಪಕ್ಕದ ಕಾಲಂನಲ್ಲಿ ಬರೆದು ಜನರ ಮುಂದಿಡಿ. ಆಮೇಲೂ ಸುರಂಗವೇ ಅಗ್ಗ ಎಂದು ಬಂದರೆ, ಸಿಂಗಳೀಕದ ವಾದವನ್ನು ಬೇರೆಯಾಗಿ ಹೂಡಬಹುದು.